ತುಟಿ ಕೂಡುವ ಅಕ್ಷರ

ಮೇಣ ಸ್ವಲ್ಪ ಹೆಚ್ಚೇ ಕಾಯಿತು, ಅಂಚು ಕರಗಿ ಗುಲಾಬಿ ಬಣ್ಣದ ಒಂದು ಹನಿ ಸ್ಪಿರಿಟ್ ದೀಪದ ಕತ್ತಿನ ಮೇಲೆ ಬಿದ್ದು ಚುಂಯ್ ಅಂದಿತು, ಬಿಸಿಲಲ್ಲಿ ಮರೆತ ಬಣ್ಣದ ಕಡ್ಡಿಯ ವಾಸನೆ, ಇಪ್ಪತ್ತೆರಡು ವರ್ಷದಿಂದ ಇದೇ ದೀಪ ಇದೇ ಮೇಣ, ನಿದ್ದೆಗಣ್ಣಲ್ಲೂ ಮಾಡುವ ಕೆಲಸ, ಇವತ್ತು ಮಾತ್ರ ಉರಿಯಿಂದ ತೆಗೆಯುವುದು ತಡವಾಯಿತು — ಸಿಸ್ಟರ್ ಬಾಗಿಲು ಅರ್ಧ ತೆಗೆದು ತಲೆ ಹಾಕಿ ಮೇಡಂ, ನಿಮ್ಮಮ್ಮ ಬಂದಿದ್ದಾರೆ ಅಂದಳು, ಕೂರಿಸು ಬಂದೆ ಅಂದೆ, ಕುರ್ಚಿ ನೆಟ್ಟಗೆ ಮಾಡು, ತಲೆದಿಂಬು ತೆಗೆದುಬಿಡು, ಅಳತೆ ಇದೆ. ಹದಿನಾರು ವರ್ಷದಿಂದ ಈ ಹಲ್ಲಿನ ಕ್ಲಿನಿಕ್ಕಿನಲ್ಲಿ ನನ್ನ ಪಕ್ಕ ನಿಂತವಳು, ಹುಬ್ಬು ಅಲ್ಲಾಡಿದರೆ ಸಾಕು ಯಾವ ಉಪಕರಣ ಬೇಕೆಂದು ತಿಳಿಯುವವಳು, ಅವಳಿಗೆ ನಾನು ಒಂದು ಸಲವೂ ತಿದ್ದಿ ಹೇಳಿಲ್ಲ, ಅವರು ಅಮ್ಮ ಅಲ್ಲ, ಚಿಕ್ಕಿ, ನನ್ನ ತಾಯಿ ತೀರಿಕೊಂಡ ಮೇಲೆ ಅಪ್ಪ ಮದುವೆಯಾದವರು, ಇಷ್ಟುದ್ದ ಯಾರು ಹೇಳುತ್ತಾ ಕೂರುತ್ತಾರೆ, ಹೇಳಿದರೆ ಅವಳ ಮುಖದಲ್ಲೊಂದು ಅಯ್ಯೋ ಪಾಪ ಬರುತ್ತದೆ, ಆ ಪಾಪ ಯಾರ ಪಾಲಿನದು, ನನ್ನದೋ ಅವರದೋ, ಅದೂ ಗೊತ್ತಾಗುವುದಿಲ್ಲ. ಗೋಡೆಯಾಚೆ ಚಿಕ್ಕಿಯ ದನಿ ಕೇಳುತ್ತಿದೆ, ಈ ಕುರ್ಚಿಗೆ ಯಾರು ಹೊದಿಕೆ ಹೊಲಿದಿದ್ದು, ಮೂಲೆಯೆಲ್ಲ ಸುಕ್ಕು, ನಾನಾಗಿದ್ರೆ ಕೊಟ್ಟವರಿಗೆ ವಾಪಸ್ ಕಳಿಸ್ತಿದ್ದೆ, ಸಿಸ್ಟರ್ ನಗುತ್ತಾಳೆ, ಚಿಕ್ಕಿಯದು ಹಲ್ಲಿಲ್ಲದ ಬಾಯಿ, ಸುಕ್ಕು ಅನ್ನುವಲ್ಲಿ ಸ ಬರೀ ಗಾಳಿಯಾಗಿ ಹೋಯಿತು, ವಾಪಸ್ ಅನ್ನುವಲ್ಲಿ ಅದೂ ಇಲ್ಲ.

ಬೈಯಲು ಅವರಿಗೆ ಹಕ್ಕಿದೆ, ಮೂವತ್ತೈದು ವರ್ಷ ಕುರ್ಚಿ ಸೋಫಾಗಳಿಗೆ ಗಾದಿ ಕೂರಿಸಿ ಬಟ್ಟೆ ಹೊದಿಸಿದವರು, ಮನೆಯ ಮುಂದಿನ ಕೋಣೆಯೇ ಅವರ ಕಾರ್ಖಾನೆ, ಶಾಲೆಯಿಂದ ಬಂದರೆ ಬಾಗಿಲಲ್ಲೇ ಯಾರ ಮನೆಯದೋ ಕುರ್ಚಿ ನಾಲ್ಕೂ ಕಾಲು ಮೇಲೆ ಮಾಡಿ ಬಿದ್ದಿರುತ್ತಿತ್ತು, ನಾರು, ಹತ್ತಿ, ಸ್ಪ್ರಿಂಗು, ನೆಲದ ಮೇಲೆ ಸೀಮೆಸುಣ್ಣದ ಗೆರೆ, ಅದರ ನಡುವೆ ಮಂಡಿಯೂರಿ ಕೂತ ಚಿಕ್ಕಿ, ಬಾಯಿ ತುಂಬ ಸಣ್ಣ ಮೊಳೆ. ಹತ್ತು ಹನ್ನೆರಡು ಮೊಳೆ ಕೆನ್ನೆಯೊಳಗೆ ಇಟ್ಟುಕೊಂಡು ನಾಲಿಗೆಯಿಂದ ಒಂದೊಂದನ್ನೇ ಮುಂದಕ್ಕೆ ತಳ್ಳಿ, ಮುಂದಿನ ಹಲ್ಲಲ್ಲಿ ಕಚ್ಚಿ, ಅಯಸ್ಕಾಂತದ ಸುತ್ತಿಗೆಯ ತುದಿಗೆ ಅಂಟಿಸಿಕೊಂಡು ಟಕ್, ಮತ್ತೆ ಟಕ್ — ಬಾಯಲ್ಲಿ ಮೊಳೆ ಇರುವಾಗ ಮಾತಿಲ್ಲ, ನಾನು ಹೇಳಿದ್ದಕ್ಕೆಲ್ಲ ಮ್ ಅಂತಲೇ ಉತ್ತರ, ಇವತ್ತು ಗಣಿತದಲ್ಲಿ ಹದಿನೆಂಟು ಬಂತು, ಮ್, ನಾಳೆ ಬಿಳಿ ಸಾಕ್ಸ್ ಬೇಕು, ಮ್, ಪಕ್ಕದ ಬೆಂಚಿನವಳು ನನ್ನ ರಬ್ಬರ್ ಕದ್ದಳು, ಮ್ಮ್, ಈ ಕೊನೆಯದು ಸ್ವಲ್ಪ ಉದ್ದ, ತುದಿಯಲ್ಲಿ ಮೇಲೆದ್ದು ಕೊಂಕಿದ್ದು, ಕದ್ದಳೋ ನೀನೇ ಕೊಟ್ಟೆಯೋ ಎಂದು ಕೇಳುವ ಮ್ಮ್. ಆ ಹಲ್ಲು ನಾನೇ ಕಿತ್ತೆ, ಮೂರು ತಿಂಗಳ ಹಿಂದೆ, ಉಳಿದವುಗಳ ಜೊತೆ, ಮೇಲಿನ ಸಾಲಿನ ಎಡ ಮುಂಬಲ್ಲು, ಅಂಚಿನಲ್ಲಿ ಸರಿಯಾಗಿ ಒಂದು ಮೊಳೆ ಕೂರುವಷ್ಟು ಸವೆದ ಕಚ್ಚು, ಇಕ್ಕಳದಲ್ಲಿ ಹಿಡಿದು ಅಲ್ಲಾಡಿಸುವಾಗ ಅವರು ಕಣ್ಣು ಮುಚ್ಚಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದರು, ನೋವಾಯ್ತಾ ಅಂದೆ, ನಂಗೇನಾಗಿಲ್ಲ, ನಿನ್ನ ಕೈಯೇ ನಡುಗ್ತಾ ಇತ್ತು ಅಂದರು ಹತ್ತಿ ಕಚ್ಚಿಕೊಂಡು. ಆಮೇಲೆ, ಹೊಸ ಹಲ್ಲಲ್ಲಿ ಮೊಳೆ ಕಚ್ಚಬಹುದಾ ಅಂದರು, ಕಚ್ಚಿದ್ರೆ ಇನ್ನೊಂದು ಸೆಟ್ ನಾನು ಮಾಡಿಕೊಡಲ್ಲ ಅಂದೆ, ಹಾಗಾದ್ರೆ ಹಲ್ಲು ಯಾತಕ್ಕೆ, ನಗೋಕಾ, ನಗೋಕೆ ನಂಗೆ ಹಲ್ಲು ಬೇಡ ಅಂತ ನಕ್ಕರು, ರಕ್ತ ಮೆತ್ತಿದ ಬಾಯಲ್ಲೇ, ನೋಡಲಾಗದೆ ನಾನು ಬೇಸಿನ್ನಿನ ಕಡೆ ತಿರುಗಿದೆ.

ಇವತ್ತಿನದು ಅಳತೆ, ಕಾಲೇಜಿನಲ್ಲಿ ಹಲ್ಲಿನ ಸೆಟ್ಟಿನ ಪಾಠ ಹೇಳುತ್ತಿದ್ದ ಮೇಷ್ಟ್ರು ಇದನ್ನೇ ಒಂದು ವಾರ ಹೇಳಿದ್ದರು, ಹಲ್ಲೆಲ್ಲ ಹೋದ ಬಾಯಿಗೆ ಎತ್ತರ ಎಷ್ಟು ಅಂತ ಪುಸ್ತಕ ಹೇಳಲ್ಲ, ಆ ಬಾಯೇ ಹೇಳ್ಬೇಕು, ಅಮ್ಮ ಅನ್ನಿ ಅಂತ ಹೇಳಿ, ಅಂದು ಸುಮ್ಮನೆ ಬಿಟ್ಟಾಗ ದವಡೆ ಎಲ್ಲಿ ಹೋಗಿ ನಿಲ್ಲುತ್ತೋ ಅದೇ ಅದರ ಮನೆ, ಅದನ್ನ ಅಳೆದು ಎರಡು ಮೂರು ಮಿಲ್ಲಿಮೀಟರ್ ಬಿಟ್ಟು ಹಲ್ಲು ಕೂರಿಸಿ, ಹೆಚ್ಚಾದ್ರೆ ತುಟಿ ಮುಚ್ಚಲ್ಲ, ಕಮ್ಮಿಯಾದ್ರೆ ಮುಖ ಕುಸಿದುಹೋಗುತ್ತೆ. ಅದಕ್ಕೆ ಮ ನೇ ಯಾಕೆ ಸಾರ್ ಅಂತ ಹಿಂದಿನ ಬೆಂಚಿನಿಂದ ಯಾರೋ ಕೇಳಿದರು, ತ ಗೆ ಹಲ್ಲು ಬೇಕು, ಫ ಗೆ ಬೇಕು, ಸ ಗೆ ಬೇಕು, ಮ ಗೆ ಏನೂ ಬೇಡ ಕಣಯ್ಯ, ಎರಡು ತುಟಿ ಸೇರಿಸಿದ್ರೆ ಮುಗೀತು, ಉಸಿರು ತಾನಾಗಿ ಮೂಗಿನ ದಾರಿ ಹಿಡಿಯುತ್ತೆ, ಅದಕ್ಕೇ ಪ್ರಪಂಚದ ಹೆಚ್ಚು ಕಮ್ಮಿ ಎಲ್ಲ ಭಾಷೆಯಲ್ಲೂ ಈ ಅಕ್ಷರ ಇದೆ, ಹಲ್ಲು ಹುಟ್ಟೋಕೆ ಮುಂಚೆ ಬರುತ್ತೆ, ಹಲ್ಲು ಉದುರಿದ ಮೇಲೂ ಇರುತ್ತೆ, ಎಲ್ಲಿ, ಎಲ್ಲರೂ ಮೂಗು ಹಿಡ್ಕೊಂಡು ಅಮ್ಮ ಅನ್ನಿ ನೋಡೋಣ. ಅರವತ್ತು ಜನ ಮೂಗು ಹಿಡಿದುಕೊಂಡು ಅಬ್ಬ ಅಬ್ಬ ಅಂದೆವು, ಕೋಣೆಗೆ ಕೋಣೆಯೇ ನಕ್ಕಿತು, ನಾನು ಮಾತ್ರ ಡೆಸ್ಕಿನ ಮೇಲಿನ ಗೀರು ನೋಡುತ್ತಾ ಕೂತೆ, ಯಾಕೆಂದರೆ ಅದು ನನಗೆ ಮೊದಲೇ ಗೊತ್ತಿತ್ತು, ಏಳು ವರ್ಷಕ್ಕೇ, ಮನೆ ತುಂಬ ಜನ, ಬಾಗಿಲ ಬಳಿ ರಾಶಿ ಚಪ್ಪಲಿ, ಮೂರು ದಿನ ಅತ್ತು ಅತ್ತು ಮೂಗು ಕಟ್ಟಿ ಬಾಯಲ್ಲಿ ಉಸಿರಾಡುತ್ತಿದ್ದ ನಾನು ಆಸ್ಪತ್ರೆಯಿಂದ ಬಂದ ಅಮ್ಮನ ಚೀಲ ಹಿಡಿದುಕೊಂಡು ಅಬ್ಬ, ಅಬ್ಬ ಅನ್ನುತ್ತಿದ್ದೆ, ಮೂಲೆಯಲ್ಲಿ ಕೂತಿದ್ದ ಯಾರದೋ ಮಗು ಅದನ್ನು ಕೇಳಿ ಕಿಸಕ್ಕನೆ ನಕ್ಕಿತು, ಅದರ ತಾಯಿ ಅದರ ಬಾಯಿ ಮುಚ್ಚಿದಳು. ಚೀಲದಲ್ಲಿ ಬಾಚಣಿಗೆ, ಸೋಪಿನ ಡಬ್ಬಿ, ಒಂದು ಜೊತೆ ಸಾಕ್ಸ್. ಅಮ್ಮನನ್ನು ಕೊನೆಯ ಸಲ ಕರೆದಾಗಲೂ ಅಕ್ಷರ ಸರಿಯಾಗಿ ಬರಲಿಲ್ಲವಲ್ಲ ಅನ್ನುವುದು, ನಲವತ್ತು ವರ್ಷ ಕಳೆದರೂ, ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ.

ಅವಳ ಮುಖ ನನಗೆ ನೆನಪಿಲ್ಲ, ಫೋಟೋ ನೆನಪಿದೆ, ಅದು ಬೇರೆ. ನೆನಪಿರುವುದು ಬೆನ್ನು, ಅಮ್ಮ ಮೇಜಿನ ಮುಂದೆ ನಿಂತು ಅಪ್ಪನ ಅಂಗಿಗೆ ಇಸ್ತ್ರಿ ಹಾಕುವಾಗ ನಾನು ಹಿಂದಿನಿಂದ ಸೊಂಟ ತಬ್ಬಿ ಬೆನ್ನಿಗೆ ಕಿವಿ ಒತ್ತಿ ನಿಲ್ಲುತ್ತಿದ್ದೆ, ಅವಳು ಬಾಯಿ ಮುಚ್ಚಿಕೊಂಡು ಗುನುಗುತ್ತಿದ್ದಳು, ಹಾಡಲ್ಲ, ಮಾತಲ್ಲ, ಬರೀ ಮ್, ಹೊರಗಿನ ಕಿವಿಗೆ ಕೇಳಿಸದಷ್ಟು ಸಣ್ಣದು, ಒತ್ತಿದ ಕಿವಿಗೆ ಮಾತ್ರ ಮೂಳೆಯೊಳಗಿಂದ ಬಂದು ನನ್ನ ಹಲ್ಲಿನ ತನಕ ನಡುಗಿಸುತ್ತಿತ್ತು, ಆಗ ನನ್ನ ಹಾಲುಹಲ್ಲು ಬೀಳುವ ಕಾಲ, ಅಲ್ಲಾಡುತ್ತಿದ್ದ ಹಲ್ಲೊಂದು ಆ ಮ್ ಗೆ ಜುಮ್ಮನ್ನುತ್ತಿತ್ತು. ಅದೊಂದು ಸಿಕ್ಕಿದರೆ ಸಾಕು, ಇನ್ನೊಂದು ಸಲ, ಕಾಲು ನಿಮಿಷ, ಮುಖ ತೋರಿಸುವುದು ಬೇಡ, ಬೆನ್ನು ಮಾತ್ರ. ಈ ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಜನ ಆ ಕುರ್ಚಿಯಲ್ಲಿ ಕೂತು ಅಮ್ಮ ಅಂದಿದ್ದಾರೆ, ಲಾರಿ ಓಡಿಸುವವನು, ಹೂವಿನಂಗಡಿಯವಳು, ಬೇರೆ ಭಾಷೆಯವರು, ಒಬ್ಬರು ನಿವೃತ್ತ ಜಡ್ಜ್, ಯಾವ ಅಮ್ಮ ಡಾಕ್ಟ್ರೇ, ಅವರು ಹೋಗಿ ಐವತ್ತು ವರ್ಷ ಆಯ್ತು ಅಂದವರು, ಆಮೇಲೆ ಅಮ್ಮ ಅಂದರು, ನಾನು ಅಳತೆ ತೆಗೆದುಕೊಂಡೆ, ಎಪ್ಪತ್ತೊಂದು ಮಿಲ್ಲಿಮೀಟರ್. ಅಮ್ಮ ಅನ್ನಿ, ತುಟಿ ಬಿಗಿ ಹಿಡೀಬೇಡಿ, ಇನ್ನೊಂದ್ಸಲ ಅಮ್ಮ ಅನ್ನಿ — ದಿನಕ್ಕೆ ಹತ್ತು ಸಲ ನನ್ನ ಬಾಯಿಂದಲೇ ಬರುತ್ತದೆ, ಬಾಯಿ ತೆಗೀರಿ, ಉಗುಳಿ, ಅನ್ನುವ ಹಾಗೆ, ಅದರಲ್ಲಿ ಯಾರೂ ಇಲ್ಲ, ಖಾಲಿ ಲಕೋಟೆ.

ಚಿಕ್ಕಿ ಬಂದದ್ದು ಅಮ್ಮ ಹೋದ ಮರುವರ್ಷ, ನನಗೆ ಎಂಟು, ಅವರಿಗೆ ಮೂವತ್ತು, ಒಂದು ಪೆಟ್ಟಿಗೆ ಬಟ್ಟೆ ಒಂದು ಪೆಟ್ಟಿಗೆ ಉಪಕರಣ, ಅಪ್ಪನ ಅಕ್ಕ, ನನ್ನ ಅತ್ತೆ, ನನ್ನ ಹೆಗಲು ಹಿಡಿದು ಎಲ್ಲರ ಮುಂದೆ ನಿಲ್ಲಿಸಿ ಇನ್ಮೇಲೆ ಇವರೇ ನಿಂಗೆ ಅಮ್ಮ, ಎಲ್ಲಿ, ಅಮ್ಮ ಅನ್ನು ನೋಡೋಣ ಅಂದರು, ಕೈಯಲ್ಲೊಂದು ಚಾಕಲೇಟು ಹಿಡಿದಿದ್ದರು, ನಾಯಿಮರಿಗೆ ಹಿಡಿದ ಹಾಗೆ. ನಾನು ತುಟಿ ಬಿಗಿದೆ. ಈಗ ಯೋಚಿಸಿದರೆ ಅಕ್ಷರದ ಅರ್ಧ ಕೆಲಸ ಅಲ್ಲೇ ಆಗಿಹೋಗಿತ್ತು, ತುಟಿ ಸೇರಿತ್ತು, ದನಿ ಮಾತ್ರ ಬಿಡಬೇಕಿತ್ತು, ಬಿಡಲಿಲ್ಲ. ಅನ್ನು, ನಾಚಿಕೆ ಯಾಕೆ, ಅನ್ನು ಅಂತ ಅತ್ತೆ, ಅಪ್ಪ ಕಿಟಕಿಯಾಚೆ ಏನೋ ಇದ್ದ ಹಾಗೆ ನೋಡುತ್ತಿದ್ದರು, ಆಗ ಚಿಕ್ಕಿಯೇ ಬಿಡಿ ಅಕ್ಕ, ಬಲವಂತ ಯಾಕೆ, ಅವಳಿಗೆ ಯಾವಾಗ ಬರುತ್ತೋ ಆವಾಗ ಅನ್ಲಿ, ನಂಗೇನು ಅವಸರ ಇಲ್ಲ ಅಂದರು. ಚಾಕಲೇಟು ಈಸಿಕೊಂಡು ನನ್ನ ಕೈಗಿಟ್ಟರು, ಏನೂ ಅನ್ನಿಸಿಕೊಳ್ಳದೆ. ಚಿಕ್ಕಮ್ಮ ಅಂತಾದ್ರೂ ಅನ್ನಬೇಕಪ್ಪ ಅಂತ ಅತ್ತೆ ಬಿಡಲಿಲ್ಲ, ನಾನು ಒಂದು ವಾರ ಯೋಚನೆ ಮಾಡಿ, ಚಿಕ್ಕಮ್ಮನ ಬಾಲದಲ್ಲೂ ಆ ಅಮ್ಮ ಇದೆಯಲ್ಲ, ದೊಡ್ಡಮ್ಮ ಅಂದರೂ ಇದೆ, ಯಾವ ಕಡೆಯಿಂದ ಹೋದರೂ ತುಟಿ ಹೋಗಿ ಅಲ್ಲೇ ಕೂಡುತ್ತದೆ, ಕತ್ತರಿ ತೆಗೆದುಕೊಂಡು ಕತ್ತರಿಸಿದ ಹಾಗೆ ಕತ್ತರಿಸಿ ಚಿಕ್ಕಿ ಅಂದೆ, ಹೇಳಿ ನೋಡಿ, ಚಿಕ್ಕಿ, ತುಟಿಗೆ ತುಟಿ ತಾಗುವುದೇ ಇಲ್ಲ. ಅಮ್ಮ ಅನ್ನುವುದು ಒಬ್ಬಳ ಸೊತ್ತು, ಇನ್ನೊಬ್ಬರಿಗೆ ಕೊಟ್ಟರೆ ಅವಳು ಎಲ್ಲಿದ್ದರೂ ಅವಳ ಕಡೆಯದು ಅಳಿಸಿಹೋಗುತ್ತದೆ, ಮುಖ ಹೋದ ಹಾಗೆ ಬೆನ್ನೂ ಹೋಗುತ್ತದೆ ಅಂತ ನನ್ನ ಎಂಟು ವರ್ಷದ ಬುದ್ಧಿ, ಯಾರಿಗೂ ಹೇಳಲಿಲ್ಲ, ಚಿಕ್ಕಿ ಕೇಳಲೂ ಇಲ್ಲ. ಅಮ್ಮನಿಗೆ ನೀನು, ಚಿಕ್ಕಿಗೆ ನೀವು, ಅದನ್ನೂ ನಾನೇ ಗೆರೆ ಎಳೆದದ್ದು. ನೋಡಿದವರು ಎಷ್ಟು ಮರ್ಯಾದೆ ಕಲಿಸಿದ್ದೀರ ಮಗಳಿಗೆ ಅನ್ನುತ್ತಿದ್ದರು, ಚಿಕ್ಕಿ ಬಾಯಲ್ಲಿ ಮೊಳೆ ಇಲ್ಲದಿದ್ದರೂ ಬರೀ ಮ್ ಅನ್ನುತ್ತಿದ್ದರು.

ಅವರಿಗೆ ಮಕ್ಕಳಾಗಲಿಲ್ಲ, ಅಂದರೆ ಲೋಕದಲ್ಲಿ ಅವರನ್ನು ಹಾಗೆ ಕರೆಯಬೇಕಾದವಳು ಒಬ್ಬಳೇ, ಆ ಒಬ್ಬಳು ನಾನು, ಇದು ನನಗೆ ಹೊಳೆದದ್ದು ಮೂವತ್ತು ದಾಟಿದ ಮೇಲೆ, ಬಸ್ಸಿನಲ್ಲಿ ನಿಂತಿದ್ದಾಗ, ಯಾಕೆಂದೇ ಗೊತ್ತಿಲ್ಲ, ಇಳಿಯಬೇಕಾದ ಸ್ಟಾಪು ದಾಟಿಹೋಯಿತು. ಒಂದೇ ಒಂದು ಸಲ ಕರೆದಿದ್ದೆ, ಹನ್ನೊಂದನೇ ವಯಸ್ಸಿನಲ್ಲಿ, ಜ್ವರ ಏರಿ ಮಧ್ಯಾಹ್ನದ ಹೊತ್ತು ಹಾಸಿಗೆಯಲ್ಲಿ, ಪರದೆಯ ಹೂವುಗಳೆಲ್ಲ ಗೋಡೆಯ ಮೇಲೆ ಹರಿದಾಡುತ್ತಿದ್ದವು, ಅಮ್ಮಾ ಅಂದೆ, ಜೋರಾಗಿ, ಮುಂದಿನ ಕೋಣೆಯಲ್ಲಿ ಟಕ್ ಟಕ್ ನಿಂತಿತು, ಮೊಳೆಗಳನ್ನು ಡಬ್ಬಿಗೆ ಉಗುಳಿದ ಸದ್ದು, ಓಡಿ ಬಂದ ಕಾಲಿನ ಸದ್ದು, ಚಿಕ್ಕಿ ಬಾಗಿಲಲ್ಲಿ ನಿಂತಿದ್ದರು, ಕೂದಲಲ್ಲಿ ಹತ್ತಿ, ಆ ಮುಖ — ಅಂಥ ಮುಖವನ್ನು ನಾನು ಅವರಲ್ಲಿ ಮೊದಲೂ ನೋಡಿರಲಿಲ್ಲ ಆಮೇಲೂ ನೋಡಿಲ್ಲ, ದೀಪ ಹಾಕಿದ ಕೋಣೆಯ ಹಾಗೆ. ನಿಮ್ಮನ್ನಲ್ಲ, ಅಮ್ಮನ್ನ, ಅಂದೆ ನಾನು. ಜ್ವರದಲ್ಲೂ ಎಷ್ಟು ಸ್ಪಷ್ಟವಾಗಿ ಅಂದೆ, ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ, ನಿಮ್ಮನ್ನಲ್ಲ. ಗೊತ್ತು, ಆದ್ರೂ ನೀರು ಕುಡಿ ಅಂದರು ಚಿಕ್ಕಿ, ಲೋಟ ಹಿಡಿದು ತಲೆ ಎತ್ತಿ ಕುಡಿಸಿದರು, ಒದ್ದೆ ಬಟ್ಟೆ ಹಣೆಗೆ ಹಾಕಿದರು, ಹೋದರು, ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಟಕ್ ಶುರುವಾಯಿತು, ಮೊದಲಿಗಿಂತ ನಿಧಾನ, ನಡುನಡುವೆ ತಪ್ಪಿ ಮರಕ್ಕೆ ಬಿದ್ದ ಏಟು, ಅವರ ಏಟು ಯಾವತ್ತೂ ತಪ್ಪುತ್ತಿರಲಿಲ್ಲ. ಮೂವತ್ತೆಂಟು ವರ್ಷ ಆಯಿತು. ಅದರ ಬಗ್ಗೆ ಅವರು ಒಂದು ಮಾತು ಎತ್ತಿಲ್ಲ, ನಾನೂ ಎತ್ತಿಲ್ಲ, ಅವತ್ತಿನ ನೀರು ಮಾತ್ರ ಇನ್ನೂ ಕುಡಿಯುತ್ತಿದ್ದೇನೆ ಅನಿಸುತ್ತದೆ.

ಅಪ್ಪ ಇರುವ ತನಕ ನಡೆಯಿತು, ಊರಿನ ಆ ಕಡೆಯ ಅಪ್ಪನ ಮನೆಗೆ ಭಾನುವಾರ ಹೋಗಿ ಬಾಗಿಲಲ್ಲಿ ನಿಂತು ಅಪ್ಪಾ ಅಂತ ಕೂಗಿದರೆ ಇಬ್ಬರೂ ಬರುತ್ತಿದ್ದರು, ಒಂದು ಕರೆಯಲ್ಲಿ ಎರಡು ಕೆಲಸ. ಚಿಕ್ಕಿ ಅನ್ನುವುದನ್ನೂ ದೊಡ್ಡವಳಾದಂತೆ ಬಿಟ್ಟಿದ್ದೆ, ಡಾಕ್ಟರಾದ ಮೇಲೆ ಅದು ಬಾಯಿಗೆ ಚಿಕ್ಕ ಅಂಗಿಯ ಹಾಗೆ ಬಿಗಿ, ಹೆಸರಿಲ್ಲದೆಯೇ ಮಾತಾಡುವುದನ್ನು ಕಲಿತುಬಿಟ್ಟೆ, ಊಟ ಆಯ್ತಾ, ಮಾತ್ರೆ ತಗೊಂಡ್ರಾ, ಇದು ಎಲ್ಲಿಡ್ಲಿ, ಎಲ್ಲ ಮಾತೂ ಬಾಲದಿಂದಲೇ ಶುರು, ತಲೆಯಿಲ್ಲ. ಒಂಬತ್ತು ವರ್ಷದ ಹಿಂದೆ ಅಪ್ಪ ಹೋದರು, ಎಲ್ಲ ಮುಗಿದ ಮೇಲಿನ ಮೊದಲ ಭಾನುವಾರ ಬಾಗಿಲಲ್ಲಿ ನಿಂತೆ, ಬಾಯಿ ತೆರೆದೆ, ಕೂಗಲು ಏನೂ ಇರಲಿಲ್ಲ. ಮೂವತ್ತೆರಡು ವರ್ಷದ ಸಂಬಂಧ, ಕೂಗಲು ಒಂದು ಶಬ್ದ ಇಲ್ಲ. ಬೆಲ್ ಒತ್ತಿದೆ, ಪೋಸ್ಟಿನವನ ಹಾಗೆ. ಚಿಕ್ಕಿ ಬಾಗಿಲು ತೆಗೆದು ಬೆಲ್ ಯಾಕೆ ಒತ್ತಿದೆ, ನೀನೇನು ಹೊರಗಿನವಳಾ ಅಂದರು, ಬಾಗಿಲು ಹಾಕಿತ್ತಲ್ಲ ಅಂದೆ, ಕೂಗಬಹುದಿತ್ತಲ್ಲ ಅಂದರು, ಅಂದು ಅವರೇ ಬೇಗ ಮಾತು ತಿರುಗಿಸಿ ಚಪ್ಪಲಿ ಬಿಡು, ನೆಲ ಒರೆಸಿದೀನಿ ಅಂತ ಒಳಗೆ ಹೋದರು. ಹೋದ ತಿಂಗಳು, ವಸಡು ವಾಸಿಯಾಯಿತೋ ನೋಡಲು ಬಂದವರು, ಹಲ್ಲು ಕೈಗೆ ಬಂದ ಮೇಲೆ ತಂಗಿ ಮನೆಗೆ ಹೋಗ್ತೀನಿ ಅಂದರು, ಎಷ್ಟು ದಿನಕ್ಕೆ ಅಂದೆ, ದಿನ ಏನು, ಅಲ್ಲೇ ಇರ್ತೀನಿ, ಅವಳೂ ಒಬ್ಬಳೇ, ನಾನೂ ಒಬ್ಬಳೇ, ನಿಂಗೂ ಭಾನುವಾರ ಓಡಾಡೋದು ತಪ್ಪುತ್ತೆ. ಎಂಟು ಗಂಟೆ ರೈಲಿನ ದಾರಿ. ಈ ಕ್ಲಿನಿಕ್ಕಿನ ಮೇಲಿನ ನನ್ನ ಮನೆಯಲ್ಲಿ ಒಂದು ಕೋಣೆ ಖಾಲಿ ಇದೆ, ಬೆಳಕು ಚೆನ್ನಾಗಿ ಬೀಳುತ್ತದೆ, ಮೂರು ಕುರ್ಚಿ ಒಟ್ಟಿಗೆ ಇಟ್ಟುಕೊಂಡು ಕೆಲಸ ಮಾಡುವಷ್ಟು ಜಾಗ, ಹೇಳಬೇಕು ಅಂತ ಬಾಯಿ ತೆರೆದೆ, ಇಲ್ಲೇ ಇರಿ ಅನ್ನುವುದಕ್ಕೆ ಮುಂಚೆ ಕರೆಯಬೇಕಲ್ಲ, ಏನಂತ ಕರೆದು ಹೇಳಲಿ, ತಲೆಯಿಲ್ಲದ ಮಾತು ಅಷ್ಟು ದೂರ ಹೋಗುವುದಿಲ್ಲ. ಸರಿ, ಬಿಸಿನೀರಲ್ಲಿ ಉಪ್ಪು ಹಾಕಿ ಬಾಯಿ ಮುಕ್ಕಳಿಸಿ ಅಂದೆ.

ಮೇಣ ತಣ್ಣಗಾಯಿತು, ಮೇಲಿನ ದವಡೆಯ ಮೇಣದ ಅಚ್ಚು ಅಂಗೈಯಲ್ಲಿ ಹಿಡಿದು ಒಳಗೆ ಬಂದೆ, ಚಿಕ್ಕಿ ನೆಟ್ಟಗೆ ಕೂತಿದ್ದಾರೆ, ಎರಡು ಕೈಯೂ ತೊಡೆಯ ಮೇಲೆ, ಶಾಲೆಯ ಮಗುವಿನ ಹಾಗೆ, ಎಪ್ಪತ್ತೊಂದು ವರ್ಷ, ಹಲ್ಲು ಹೋಗಿ ತುಟಿ ಒಳಕ್ಕೆ ಮಡಿಚಿಕೊಂಡಿದೆ, ಊಟ ಆಯ್ತಾ ಅಂದೆ, ಬ್ರೆಡ್ಡು ನೆನೆಸಿಕೊಂಡು ತಿಂದೆ, ಒಂದು ಸೇಬು ಕಚ್ಚಿ ತಿನ್ನೋ ಹಾಗೆ ಮಾಡಿಕೊಟ್ರೆ ಸಾಕು ಅಂದರು. ಅಚ್ಚು ಒಳಗಿಟ್ಟು ಹೆಬ್ಬೆರಳಿಂದ ಒತ್ತಿದೆ, ಮೇಣ ಕೂತ ತಕ್ಷಣ ಮೇಲ್ದುಟಿ ಎದ್ದು ನಿಂತಿತು, ಒಂದು ಗಳಿಗೆ ಹಳೆಯ ಚಿಕ್ಕಿ ಕಂಡರು. ನೀಲಿ ಪೆನ್ಸಿಲ್ ತೆಗೆದು ಮೂಗಿನ ತುದಿಗೊಂದು ಚುಕ್ಕೆ ಇಟ್ಟೆ, ಗದ್ದಕ್ಕೊಂದು ಚುಕ್ಕೆ, ಏನು, ಎಲ್ಲಿ ಮೊಳೆ ಹೊಡೀಬೇಕು ಅಂತ ಗುರುತಾ ಅಂದರು, ಸಿಸ್ಟರ್ ಕಾರ್ಡು ಪೆನ್ನು ಹಿಡಿದು ನಗುತ್ತಾ ನಿಂತಳು, ನಾನು ಎರಡು ಚುಕ್ಕೆಯ ಪಕ್ಕಕ್ಕೆ ಸ್ಕೇಲು ಹಿಡಿದೆ, ಹಿಡಿದು, ಮ್ ಅನ್ನಿ, ಅಂದೆ. ಪರೀಕ್ಷೆಗೆ ಕೂತವರ ಹಾಗೆ ಚಿಕ್ಕಿ ತುಟಿ ಬಿಗಿದರು, ಕೆಳಗಿನ ಚುಕ್ಕೆ ಮೇಲಕ್ಕೆ ಓಡಿತು, ಅರವತ್ಮೂರು, ಇದು ಆಗಲಿಲ್ಲ, ಮೂರು ಅನ್ನಿ, ಚುಕ್ಕೆ ಕೆಳಕ್ಕೆ ಬಿತ್ತು, ಎಪ್ಪತ್ತು, ಮಾಮೂಲಿ ಅನ್ನಿ, ಅರವತ್ತೈದು. ಸಿಸ್ಟರ್ ಬರೆದದ್ದನ್ನು ನೋಡಿ ಮೇಡಂ, ಒಂದಕ್ಕೊಂದು ತಾಳೆನೇ ಆಗ್ತಿಲ್ಲ, ಯಾವಾಗ್ಲೂ ಅಮ್ಮ ಅನ್ನಿ ಅಂತೀರಲ್ಲ, ಇವತ್ತೇನು ಮೂರು ಮಾಮೂಲಿ ಅಂತ ಅಂದಳು. ನಾನು ಸ್ಕೇಲು ಒರೆಸಿದೆ, ಒರೆಸುವಂಥದ್ದೇನೂ ಅದರ ಮೇಲೆ ಇರಲಿಲ್ಲ. ಚಿಕ್ಕಿ ಎದುರಿನ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಾರೆ, ಅವರಿಗೆ ತಿಳಿದಿದೆ, ನಾನು ಯಾವ ಶಬ್ದದ ಸುತ್ತ ಕಾಲು ಎಳೆಯುತ್ತಿದ್ದೇನೆಂದು ಅವರಿಗೆ ಮೊದಲಿನಿಂದಲೂ ತಿಳಿದಿದೆ, ಪರವಾಗಿಲ್ಲ, ಯಾವುದಾದ್ರೂ ಒಂದು ಬರ್ಕೊ, ಸ್ವಲ್ಪ ಹೆಚ್ಚು ಕಮ್ಮಿ ಆದ್ರೆ ನಾನೇ ಹೊಂದ್ಕೋತೀನಿ ಅಂದರು, ಮೇಣದ ಸಂದಿಯಿಂದ, ಗೋಡೆಯನ್ನೇ ನೋಡುತ್ತಾ. ನಾನೇ ಹೊಂದ್ಕೋತೀನಿ. ಹೊಂದಿಕೊಂಡು ಹೋಗಬೇಕಾದ ಹಲ್ಲು ನಾನು ಯಾರಿಗೂ ಮಾಡಿಕೊಟ್ಟಿಲ್ಲ, ಹೂವಿನಂಗಡಿಯವಳಿಗೂ ಮಾಡಿಕೊಟ್ಟಿಲ್ಲ, ತುಟಿ ಸೇರದ ಬಾಯಿ ಕಟ್ಟಿ ಇವರನ್ನು ರೈಲು ಹತ್ತಿಸಲೇ, ಅಲ್ಲಿ ಆ ದೂರದಲ್ಲಿ ಒಬ್ಬರೇ ಕೂತು ದಿನಾ ಹೊಂದಿಕೊಳ್ಳಲೇ — ಸ್ಕೇಲು ಎತ್ತಿದೆ, ಕೆಲಸದ ದನಿ ತೆಗೆದೆ, ದಿನಕ್ಕೆ ಹತ್ತು ಸಲ ಹೇಳುವ ಅದೇ ಎರಡು ಶಬ್ದ, ಮೊದಲನೆಯದು ಬಂತು.

ಅಮ್ಮ, ಅಂದೆ. ಅನ್ನಿ ಅನ್ನುವುದು ಬರಲಿಲ್ಲ. ತುಟಿ ಸೇರಿ ಬಿಟ್ಟಿತು, ಅಷ್ಟೇ, ಅದರ ಹಿಂದೆ ಬರಬೇಕಾದದ್ದು ಎಲ್ಲಿ ನಿಂತಿತೋ, ಮೊದಲನೆಯದು ಒಂಟಿಯಾಗಿ ಹೋಗಿ ಚಿಕ್ಕಿಯ ಮುಂದೆ ನಿಂತಿದೆ, ಕ್ಯಾಲೆಂಡರ್ ಮೇಲಿದ್ದ ಕಣ್ಣು ನಿಧಾನಕ್ಕೆ ಇತ್ತ ತಿರುಗಿತು, ಏನಮ್ಮ, ಅಂದರು. ಅಳತೆಗೆ ಹೇಳಿದ್ದನ್ನು ಒಪ್ಪಿಸಿದ ಹಾಗಲ್ಲ, ಯಾರೋ ಕರೆದಾಗ ಓಗೊಟ್ಟ ಹಾಗೆ, ಏನಮ್ಮ, ಅಂದು ತುಟಿ ಮುಚ್ಚಿದರು, ಬಿಗಿಯಿಲ್ಲ, ದವಡೆ ತಾನಾಗಿ ಇಳಿದು ತನ್ನ ಜಾಗದಲ್ಲಿ ಹೋಗಿ ಕೂತಿತು, ಎರಡು ಚುಕ್ಕೆ, ನಡುವೆ ಹಗುರಾಗಿ ತಾಗಿದ ತುಟಿ, ಅರವತ್ತೇಳು ಅಂದೆ, ಸಿಸ್ಟರ್ ಬರೆದಳು. ಇನ್ನೊಂದ್ಸಲ ಅಂದೆ, ಯಾರಿಗೆ ಅಂದೆನೋ, ಅಮ್ಮ, ಈ ಸಲ ಕೆಲಸದ ದನಿ ಎಷ್ಟು ಹುಡುಕಿದರೂ ಸಿಗಲಿಲ್ಲ, ಹೇಳಮ್ಮ ಅಂದರು ಚಿಕ್ಕಿ, ಮತ್ತೆ ತುಟಿ ಕೂಡಿತು, ಎರಡು ಚುಕ್ಕೆ, ಅರವತ್ತೇಳು. ಎರಡೂ ಒಂದೇ ಬಂತಲ್ಲ ಮೇಡಂ, ಸಾಕಲ್ವಾ ಅಂತ ಸಿಸ್ಟರ್, ಮೂರು ಸಲ ತೆಗೀಬೇಕು ಅಂದೆ, ಎರಡು ಒಂದೇ ಬಂದರೆ ಮೂರನೆಯದನ್ನು ನಾನು ಯಾವತ್ತೂ ತೆಗೆದವಳಲ್ಲ, ಅವಳಿಗೆ ಗೊತ್ತು, ಪೆನ್ನು ಮತ್ತೆ ಕಾರ್ಡಿಗೆ ಇಟ್ಟಳು. ಸ್ಕೇಲು ಹತ್ತಿರ ತಂದೆ, ಇಷ್ಟು ಹತ್ತಿರದಿಂದ ಈ ಮುಖವನ್ನು ನಾನು ನೋಡಿಯೇ ಇಲ್ಲ, ಮೂಗಿನ ಪಕ್ಕದಲ್ಲಿ ಸಣ್ಣ ನರವೊಂದು ಇದೆ, ಅಮ್ಮ, ಅಂದೆ, ಹೋಗಬೇಡ, ಮೇಲೆ ಕೋಣೆ ಇದೆ. ಹೋಗಬೇಡಿ ಅಲ್ಲ, ಹೋಗಬೇಡ ಅಂತ ಬಂತು, ಬಂದಾದ ಮೇಲೆ ಕೇಳಿಸಿತು. ಚಿಕ್ಕಿ ತುಟಿ ತೆಗೆಯಲಿಲ್ಲ, ನನ್ನನ್ನೇ ನೋಡುತ್ತಿದ್ದಾರೆ, ತೊಡೆಯ ಮೇಲಿನ ಕೈ ಎದ್ದು ನನ್ನ ಕೋಟಿನ ಅಂಚು ಹಿಡಿಯಿತು, ಎಷ್ಟು ಮೇಡಂ ಅಂತ ಸಿಸ್ಟರ್ ಮೆಲ್ಲಗೆ ಕೇಳುತ್ತಿದ್ದಾಳೆ, ಎಷ್ಟು, ಹೇಳಬೇಕು, ಮೇಲಿನ ಚುಕ್ಕೆ ಸರಿಯಾಗಿದೆ, ಸೊನ್ನೆಗೆ ಸರಿಯಾಗಿ ಕೂತಿದೆ, ಕೆಳಗಿನದು ನಿಲ್ಲುತ್ತಿಲ್ಲ, ಅರವತ್ತೇಳರ ಮೇಲೂ ಕೆಳಗೂ, ನೀಲಿ ಚುಕ್ಕೆ, ಗದ್ದದ ಮೇಲೆ, ನಡುಗುತ್ತಿದೆ, ಮುಚ್ಚಿದ ತುಟಿಯ ಕೆಳಗೆ ಆ ಚುಕ್ಕೆ, ಸಾಸಿವೆಯಷ್ಟು, ನಡುಗುತ್ತಿದೆ, ಆ ಚುಕ್ಕೆ —